ಅಳತೆ ಕೋವಿ

ನಮ್ಮತ್ತೆ ಕೋವಿ ಹಿಡಿದರೆ ಹೆದರಬೇಕಾದವರು ಯಾರು ಗೊತ್ತೆ? ಕಾಡುಹಂದಿಯಲ್ಲ, ಕಳ್ಳನಲ್ಲ, ಹಕ್ಕಿಯಂತೂ ಅಲ್ಲವೇ ಅಲ್ಲ. ಆ ಕೋವಿಯನ್ನು ಮಾಡಿದವನು! ಯಾಕೆಂದರೆ ಆಕೆ ಗುರಿ ನೋಡುವ ಮೊದಲು ಹೆಗಲಿಗೆ ಆನಿಸುವ ಮರದ ಹಿಡಿಯ ಉದ್ದ ನೋಡುತ್ತಾಳೆ, ಕೆನ್ನೆ ಕೂರುವ ಜಾಗ ಸವರುತ್ತಾಳೆ, ಆಮೇಲೆ ಮೂಗು ಮುರಿದು, "ಯಾವನ್ಲಾ ಇದುನ್ನ ಕಟಿಂಗ್ ಮಾಡ್ದೋನು?" ಅನ್ನುತ್ತಾಳೆ. ಇಟಲಿಯವನೋ ಬೆಲ್ಜಿಯಂನವನೋ, ಪುಣ್ಯವಂತ, ಗುಂಡ್ಲುಪೇಟೆಗೆ ಬಹಳ ದೂರದಲ್ಲಿದ್ದಾನೆ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಅರವತ್ತೊಂದು ವರ್ಷ. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬಾಗಿಲಿನ ಟೈಲರಿಂಗ್ ಅಂಗಡಿ, ಎರಡು ಮೆಷಿನ್ನು, ಗೋಡೆ ತುಂಬ ನೇತುಹಾಕಿದ ರವಿಕೆಗಳು. ಮಾವ ಹೋಗಿ ಬಹಳ ವರ್ಷವಾಯಿತು. ಆಕೆಯನ್ನೂ ಆಕೆಯ ಮಗಳನ್ನೂ ಸಾಕಿದ್ದು ಆ ಮೆಷಿನ್ನೇ. ರವಿಕೆ ಹೊಲಿಸಲು ಯಾರೇ ಬರಲಿ, ಆಕೆಯ ಮೊದಲ ಪ್ರಶ್ನೆ, "ಅಳತೆ ರವಿಕೆ ತಂದಿದ್ದೀಯಾ?" ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆ ಒಂದನ್ನು ತಂದುಕೊಟ್ಟರೆ ಅದನ್ನು ಹಾಸಿ, ಅದರ ಮೇಲೆ ಹೊಸದನ್ನು ಕತ್ತರಿಸುತ್ತಾಳೆ. ತರದಿದ್ದರೆ ವಾಪಸ್ಸು. ಎಂಥ ದೊಡ್ಡವರ ಮನೆಯವರಾದರೂ ವಾಪಸ್ಸು. "ಕೋಪ ಮಾಡ್ಕಂಡ್ ಓಯ್ತರೆ, ಓಗ್ಲಿ. ಏನೀಗ?" ಈ 'ಏನೀಗ' ಆಕೆಯ ಮಾತಿನ ಕೊನೆಗೆ ಗುಂಡಿಯ ಹಾಗೆ ಸದಾ ಹೊಲಿದುಕೊಂಡಿರುತ್ತದೆ.

ಇಂಥವಳಿಗೆ ಕೋವಿಯ ಗೀಳು ಹತ್ತಿಸಿದ್ದು ಹರಿದ ಜೇಬು. ಊಟಿಗೆ ಹೋಗುತ್ತಿದ್ದ ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ತೋಳಿಲ್ಲದ ಕೋಟು ಕೊಟ್ಟರು. ಹೆಗಲಿಗೆ ಚರ್ಮದ ತೇಪೆ, ಎರಡೂ ಪಕ್ಕ ಜೋಳಿಗೆಯಷ್ಟು ಜೇಬು.

"ಇದುನ್ನ ಆಕ್ಕಂಡು ಏನ್ ಮಾಡ್ತೀರಿ ಸಾರ್?"

"ಕ್ಲೇ ಶೂಟಿಂಗ್ ಅಮ್ಮ. ಮಣ್ಣಿನ ಬಿಲ್ಲೆಯನ್ನ ಗಾಳಿಗೆ ಹಾರಿಸ್ತಾರೆ. ಅದು ಕೆಳಗೆ ಬೀಳೋದರೊಳಗೆ ನಾವು ಕೋವಿಯಿಂದ ಹೊಡೆದು ಪುಡಿ ಮಾಡ್ತೀವಿ."

"ಕಣ್ಣಾರೆ ನೋಡ್ದೆ ನಾನು ಒಲಿಯಾಕಿಲ್ಲ."

ಹೀಗಾಗಿ ಮುಂದಿನ ಭಾನುವಾರ ನಾನು, ಚಾಮರಾಜನಗರದ ಒಬ್ಬ ಬಡ ಮೇಷ್ಟರು, ನನ್ನ ಹಳೆಯ ಕಾರಿನಲ್ಲಿ ಆಕೆಯನ್ನು ಮೈಸೂರು ಕಡೆಯ ಒಂದು ಮೈದಾನಕ್ಕೆ ಕರೆದುಕೊಂಡು ಹೋಗಬೇಕಾಯಿತು. ಅಂಗೈಯಗಲದ ಕಿತ್ತಳೆ ಬಣ್ಣದ ಬಿಲ್ಲೆಗಳು ಯಂತ್ರದಿಂದ ಸುಂಯ್ಯೆಂದು ಹಾರುತ್ತಿದ್ದವು. ಢಂ ಅಂದರೆ ಪುಡಿ. ಜೇಬು ಹೇಗೆ ಹೊಲಿಯಬೇಕೆಂದು ಅತ್ತೆಗೆ ಅರ್ಧ ನಿಮಿಷದಲ್ಲಿ ತಿಳಿಯಿತು. ಆಮೇಲೆ ಎರಡು ಗಂಟೆ ಕೂತಲ್ಲಿಂದ ಏಳಲಿಲ್ಲ.

ಕರ್ನಲ್ ಸಾಹೇಬರು ತಮಾಷೆಗೆ, "ಒಂದು ಹೊಡೀತೀರಾ?" ಅಂದರು. ಆಕೆಗೆ ತಮಾಷೆ ಅರ್ಥವಾಗುವುದಿಲ್ಲ, ಎದ್ದು ಹೋಗಿಬಿಟ್ಟಳು! ಅವರು ಹಿಂದೆ ನಿಂತು ಎಲ್ಲ ಹೇಳಿಕೊಟ್ಟರು. ಢಂ! ಬಿಲ್ಲೆ ತನ್ನ ಪಾಡಿಗೆ ಹಾರಿ ಹುಲ್ಲಿನ ಮೇಲೆ ಸುಖವಾಗಿ ಮಲಗಿತು. ಅತ್ತೆಯ ಬಲಗೆನ್ನೆ ಬೋಂಡದ ಹಾಗೆ ಊದಿಕೊಂಡಿತು.

"ಪರವಾಗಿಲ್ಲ ಅಮ್ಮ, ಮೊದಲ ಸಲ ಎಲ್ಲರಿಗೂ ಹೀಗೇ."

"ಪರ್ವಾಗಿಲ್ಲ ಅಂದ್ರೆ ಎಂಗೆ ಸಾರ್? ಈ ಕೋವಿ ನಿಮ್ಮ ಅಳತೇದು. ನಿಮ್ ಶರಟು ನಾನಾಕ್ಕಂಡ್ರೆ ತೋಳು ಮಂಡಿಗಂಟ ಬತ್ತದೆ. ಸೋತಿರೋದು ನಾನಲ್ಲ, ಫಿಟಿಂಗು!"

ಕರ್ನಲ್ ಸಾಹೇಬರು ನಗಲಿಲ್ಲ. ನೂರು ಜನಕ್ಕೆ ಕಲಿಸಿದ್ದೇನೆ, ಮೊದಲ ದಿನವೇ ಇದನ್ನು ಹೇಳಿದವರು ನೀವೊಬ್ಬರೇ ಅಂದರು. ಮೊದಲ ಕೋವಿ ಮೈಗೆ ಹೊಂದದಿದ್ದರೆ ಮನುಷ್ಯ ತನ್ನನ್ನೇ ಬೈದುಕೊಂಡು ಆಟ ಬಿಡುತ್ತಾನೆ ಅಂತಲೂ ಅಂದರು. ಅಲ್ಲಿಗೆ ಮುಗಿಯಿತು. ಜೀವಮಾನವಿಡೀ ಬೇರೆಯವರ ಅಳತೆಗೆ ಹೊಲಿದ ನಮ್ಮತ್ತೆಗೆ ಈಗ ತನ್ನ ಅಳತೆಯದು ಒಂದು ಬೇಕಾಯಿತು. ಅದೂ ರವಿಕೆಯಲ್ಲ, ಕೋವಿ!

ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯಾಕೆ, "ತಟ್ಟೆ ಒಡೆಯಾಕೆ ಕೋವಿ ಯಾಕಕ್ಕಾ? ನಮ್ ಸೊಸೆ ಬರಿಗೈಲೇ ಒಡೀತಾಳೆ" ಅಂದಳು. ಎದುರಿನ ಬೇಕರಿಯ ಮಲಯಾಳಿ ಕಾಕಾ ತುಂಬ ಯೋಚಿಸಿ, "ಚೇಚೀ, ಹೊಡೆದ ಮೇಲೆ ಅದನ್ನ ತಿನ್ನೋಕಾಗುತ್ತಾ? ತಿನ್ನೋಕಾಗದ್ದನ್ನ ಹೊಡೆದು ಏನು ಲಾಭ?" ಅಂದರು. ಅತ್ತೆ ಬೇಕರಿಯ ಟೀವಿಯ ಕಡೆ ಬೆರಳು ಮಾಡಿ, "ನೀವು ದಿನಾ ನೋಡ್ತೀರಲ್ಲ, ಆ ಕ್ರಿಕೆಟ್ ಬಾಲ್‌ನ ಯಾರ್ ತಿಂತಾರೆ?" ಅಂದಳು. ಕಾಕಾ ಅಂದಿನಿಂದ ಆಕೆಯ ಪಕ್ಷ.

ಆದರೆ ನಿಜವಾದ ವಿರೋಧ ಪಕ್ಷ ಇದ್ದದ್ದು ನಮ್ಮೂರು ಕುದೇರಿನಲ್ಲಿ, ನಮ್ಮ ಮನೆಯಲ್ಲೇ. ನನ್ನ ಅಪ್ಪ!

ನಮ್ಮ ತಾತನ ಕಾಲದ ಒಂದು ಜೋಡಿ ನಳಿಗೆಯ ಕೋವಿ ಮನೆಯಲ್ಲಿದೆ. ಬೆಳೆ ಕಾಯಲು ತೆಗೆದುಕೊಂಡದ್ದು. ಅದು ಗುಂಡು ಹಾರಿಸಿದ್ದಕ್ಕಿಂತ ಕುಂಕುಮ ಹಚ್ಚಿಸಿಕೊಂಡದ್ದೇ ಹೆಚ್ಚು. ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ, ಮುಗಿದ ಮೇಲೆ ರಸೀತಿ ತೋರಿಸಿ ಕರೆತರಬೇಕು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಟ್ರ್ಯಾಕ್ಟರು, ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರುಗಳ ನಡುವೆ ಹೂ ಮುಡಿದು ಕೂರುತ್ತದೆ. ಅವತ್ತು ಅಪ್ಪ ತಪ್ಪದೆ ತಿಪ್ಪೆಯ ಕತೆ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ಇಂಥದೇ ಪೂಜೆಯ ದಿನ ತಾತ ಮಕ್ಕಳಿಗೆಲ್ಲ ಖಾಲಿ ಕೋವಿ ಕೊಟ್ಟು "ಎತ್ತಿ ನೋಡ್ರಲಾ" ಅಂದನಂತೆ. ಗಂಡುಹುಡುಗರೆಲ್ಲ ಎತ್ತಿದರಂತೆ. ಹತ್ತು ವರ್ಷದ ಅತ್ತೆ ಎತ್ತಲು ಹೋಗಿ, ಹಿಂದಕ್ಕೆ ವಾಲಿ, ಕೋವಿಯ ಸಮೇತ ಸಗಣಿ ತಿಪ್ಪೆಗೆ ಬಿದ್ದಳಂತೆ. ಐವತ್ತು ವರ್ಷದಿಂದ ಅದೇ ಕತೆ, ಅದೇ ನಗು. ಮೊಮ್ಮಕ್ಕಳಿಗೂ ಬಾಯಿಪಾಠವಾಗಿದೆ.

ಎರಡು ವರ್ಷದ ಹಿಂದಿನ ಆಯುಧಪೂಜೆಯಲ್ಲಿ ಆ ಕತೆ ಮುಗಿದು ಎಲ್ಲರೂ ನಗುತ್ತಿರುವಾಗಲೇ ಅತ್ತೆ, "ನಾನು ಕೋವಿ ತಗತೀನಿ" ಅಂದಳು. ನಗು ಎರಡರಷ್ಟಾಯಿತು.

"ಅಪ್ಪನ ಕೋವಿ ಅದೆಯಲ್ಲಮ್ಮಿ" ಅಂದ ಅಪ್ಪ. "ಲೈಸೆನ್ಸ್ ನಿನ್ ಎಸ್ರಿಗೆ ಮಾಡ್ಸನ ಬುಡು. ಒಸದು ಯಾಕೆ? ಅದೂ ಅಳತೆಗೆ!"

"ಅದು ಅಪ್ಪನ ಅಳತೇದು ಕಣಣ್ಣಯ್ಯ."

"ನಾನು ಒಡೀತಿಲ್ವಾ? ನಾನೇನ್ ಅಳತೆ ಕೊಟ್ಟಿದ್ನಾ?"

"ನೀನ್ ಏನುನ್ನ ಒಡ್ದಿದ್ದೀಯಾ? ಅಂದಿ ಬಂದ್ರೆ ಆಕಾಸಕ್ಕೆ ಒಡೀತೀಯ. ಆಕಾಸಕ್ಕೆ ಯಾವ ಅಳತೆ ಆದ್ರೂ ಆಯ್ತದೆ."

ಅಪ್ಪನ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಎಲ್ಲರ ಮುಂದೆ ಪಂಥ ಕಟ್ಟಿಬಿಟ್ಟ. ಮುಂದಿನ ಆಯುಧಪೂಜೆಗೆ ಅವಳ ಅಳತೆಯ ಕೋವಿ ಇದೇ ಜಾಗಕ್ಕೆ ಪೂಜೆಗೆ ಬರಬೇಕು, ಬರುವ ಮೊದಲು ಅಪ್ಪನ ಕಣ್ಣೆದುರಿಗೆ ಅದರಿಂದ ಒಂದಾದರೂ ಬಿಲ್ಲೆ ಒಡೆದಿರಬೇಕು. ಆಗದಿದ್ದರೆ ಮೈದಾನದ ಕಡೆ ಮತ್ತೆ ತಲೆ ಹಾಕುವಂತಿಲ್ಲ.

"ನಾನ್ ಗೆದ್ರೆ?"

"ಗೆದ್ರೆ ತಿಪ್ಪೆ ಕತೆ ಇನ್ನೊಂದ್ಸಲ ನನ್ ಬಾಯಲ್ಲಿ ಬರಾಕಿಲ್ಲ."

ಅತ್ತೆ ಅಂಗೈ ಮುಂದೆ ಮಾಡಿದಳು. ಅಪ್ಪ ಚಟೀರೆಂದು ಕೈ ತಟ್ಟಿದ. ಗೆಲ್ಲುವೆನೆಂಬ ಧೈರ್ಯ ಅವನಿಗೆ ಅಷ್ಟಿತ್ತು.

ಮರುವಾರವೇ ನಾವು ಅರ್ಜಿ ಹಿಡಿದು ಚಾಮರಾಜನಗರದ ಕಚೇರಿಯಲ್ಲಿದ್ದೆವು. ಫಾರಂ ನೋಡಿದವರು ಒಳ್ಳೆಯ ಮನುಷ್ಯ. "ಉದ್ದೇಶ ಏನಂತ ಬರೀಲಿ ತಾಯಿ? ಬೆಳೆ ರಕ್ಷಣೆನಾ?"

"ನನ್ತಾವ ಬೆಳೆ ಇಲ್ಲ. ಆಟಕ್ಕೆ ಅಂತ ಬರೀರಿ."

"ಈ ವಯಸ್ಸಲ್ಲಿ ಆಟನಾ?"

"ಆಡೋ ವಯ್ಸಲ್ಲಿ ಮುಸುರೆ ತಿಕ್ತಿದ್ದೆ. ಅದುನ್ನೂ ಬರೀತೀರಾ?" ಅವರು 'ಕ್ರೀಡೆ' ಎಂದು ಬರೆದುಕೊಂಡರು.

ಆಮೇಲೆ ಪೊಲೀಸಿನವರು ಬೀದಿಯಲ್ಲಿ ವಿಚಾರಣೆಗೆ ಬಂದರು. ಈಕೆ ಜಗಳಗಂಟಿಯೇ ಎಂದು ಅಕ್ಕಪಕ್ಕದವರನ್ನು ಕೇಳಬೇಕಲ್ಲ? ಉತ್ತರ ಕೊಟ್ಟವರೆಲ್ಲ ಹೆಂಗಸರು, ಎಲ್ಲರ ರವಿಕೆಯೂ ಅತ್ತೆಯ ಮೆಷಿನ್ನಿನ ಮೇಲೆ ಅರ್ಧ ಹೊಲಿದು ಕೂತಿತ್ತು! ಇಡೀ ಬೀದಿ ಒಂದೇ ಬಾಯಲ್ಲಿ, "ಬಂಗಾರದಂಥೋರು ಸಾ" ಅಂದಿತು. ಕರ್ನಲ್ ಸಾಹೇಬರ ಶೂಟಿಂಗ್ ಕ್ಲಬ್ಬಿನ ಪತ್ರ, ತರಬೇತಿಯ ಕಾಗದ ಎಲ್ಲ ಸೇರಿ ಕೆಲವು ತಿಂಗಳಲ್ಲಿ ಲೈಸೆನ್ಸು ಬಂತು. ಅಷ್ಟರಲ್ಲಿ ಆಕೆ ಕ್ಲಬ್ಬಿನ ಕೋವಿಯಲ್ಲಿ ಭಾನುವಾರವೆಲ್ಲ ಕಲಿಯುತ್ತಿದ್ದಳು. ಕಲಿತಳು ಅನ್ನುವುದು ಗೌರವದ ಮಾತು. ಬಿಲ್ಲೆಗಳಿಗೆ ಆಕೆಯ ಸರದಿ ಅಂದರೆ ವಿಶ್ರಾಂತಿಯ ಹೊತ್ತು.

ಮೈಸೂರಿನ ಕೋವಿ ಅಂಗಡಿಗೆ ಆಕೆ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೋದಳು. ಅಂಗಡಿಯ ಸಾಹುಕಾರರು ಒಂದು ಕೋವಿಯ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ, ಖಾಲಿ ಎಂದು ತೋರಿಸಿ, ಹಿಡಿಯ ತುದಿಯನ್ನು ಆಕೆಯ ಮೊಣಕೈ ಮಡಚಿನಲ್ಲಿಟ್ಟರು. ಬೆರಳು ಟ್ರಿಗರಿಗೆ ಮುಟ್ಟಿತು. "ನೋಡಿ, ಸರಿಹೋಯ್ತು. ಇದೇ ನಿಮ್ಮ ಅಳತೆ."

"ಮೊಳ ಆಕೋದು ಬಟ್ಟೆಗೆ ಸಾಹುಕಾರ್ರೆ, ರವ್ಕೆಗಲ್ಲ."

ಎರಡನೆಯ ಕೋವಿಗೆ ಬೆಳ್ಳಿಯ ಹೂಬಳ್ಳಿ ಕೆತ್ತನೆ. ಎತ್ತಿದಳು, ಇಳಿಸಿದಳು. "ಕೆಲವು ವರಗಳು ಇಂಗೇ. ನೋಡಾಕ್ ಚೆಂದ, ಎಗಲಿಗೆ ಬಂದ್ರೆ ಬಾರ." ಮೂರನೆಯದರ ಹಿಡಿ ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಂಡಿತು. ನಾಲ್ಕನೆಯದರ ತುದಿ ಎದೆಗೆ ಚುಚ್ಚಿತು. "ಇದುನ್ನ ಮಾಡ್ದೋನು ಎಂಗಸ್ರುನ್ನ ನೋಡೇ ಇಲ್ವಾ?" ಎಂದು ಇಡೀ ಅಂಗಡಿಗೆ ಕೇಳುವಂತೆ ಅಂದಳು. ಸಾಹುಕಾರರು ಗಾಂಧಿ ಟೋಪಿಯನ್ನು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದರು. ಸರಿಯಾದದ್ದು ಹೇಗಿರಬೇಕು ಎಂದು ಹೇಳಿಕೊಟ್ಟವನು ಒಳಗೆ ಕೂತು ರಿಪೇರಿ ಮಾಡುತ್ತಿದ್ದ ಮುದುಕ ಮಿಸ್ತ್ರಿ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಬೇಕು. ಕಣ್ಣು ಬಿಟ್ಟಾಗ ನಳಿಗೆಯ ತುದಿಯ ಮಣಿ ತಾನಾಗಿ ಕಣ್ಣಿನ ನೇರಕ್ಕೆ ಇರಬೇಕು. ಕತ್ತು ಬಗ್ಗಿಸಿ ಹುಡುಕುವ ಹಾಗಿದ್ದರೆ ಅದು ನಿಮ್ಮದಲ್ಲ.

ಅತ್ತೆಗೆ ಅಷ್ಟು ಸಾಕಾಯಿತು. ಗುಂಡ್ಲುಪೇಟೆಯ ಬಡಗಿಯೊಬ್ಬನಿಂದ ಹಲಸಿನ ಮರದ ಹಿಡಿ ಮಾಡಿಸಿ, ಮುಂದಕ್ಕೆ ಪ್ಲಾಸ್ಟಿಕ್ ಪೈಪು ಕೂರಿಸಿದಳು. ಹಗಲೆಲ್ಲ ರವಿಕೆ, ನಡುನಡುವೆ ಕಣ್ಣು ಮುಚ್ಚಿ ಎತ್ತುವುದು, ಬಿಡುವುದು, ಬಡಗಿಯ ಹತ್ತಿರ ಒಂದು ಕೂದಲೆಳೆ ಹೆರೆಸುವುದು, ಕೆನ್ನೆಯ ಜಾಗಕ್ಕೆ ಸ್ಪಂಜು ಪಿನ್ನು ಮಾಡುವುದು. ತಿಂಗಳಾಗುವಷ್ಟರಲ್ಲಿ ಅಳತೆ ರವಿಕೆಯ ಹಾಗೆ ಅಳತೆ ಕೋವಿ ತಯಾರು! ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಮೈಸೂರು ಬಸ್ಸು ಹತ್ತಿದೆವು.

"ಏನವ್ವ ಅದು?" ಕಂಡಕ್ಟರು ಕೇಳಿದ.

"ಅಳತೆ ಕೋವಿ."

"ಕೋವಿಗೂ ಅಳತೆ ಇದ್ದದಾ?"

"ನಿನ್ ಬ್ಯಾಗಿನ ಬೆಲ್ಟಿಗೆ ಅಳತೆ ಇಲ್ದೇನೆ ಅಲ್ವಾ ಒಂದು ಎಗಲು ಇಳ್ದೋಗಿರೋದು? ಬಿಚ್ಚು ಇಲ್ಲಿ." ನಂಜನಗೂಡು ಬರುವಷ್ಟರಲ್ಲಿ ಕಂಡಕ್ಟರನ ಬೆಲ್ಟಿಗೆ ಎರಡು ಹೊಲಿಗೆ ಬಿದ್ದು ಅವನು ನೆಟ್ಟಗಾಗಿದ್ದ. ನನಗೆ ಕಿಟಕಿಯ ಸೀಟೂ ಸಿಕ್ಕಿತು.

ಮಿಸ್ತ್ರಿ ಅಳತೆ ಕೋವಿಯನ್ನು ತಿರುತಿರುಗಿಸಿ ನೋಡಿ ಕಣ್ಣಿಗೊತ್ತಿಕೊಂಡ. ಒಂದರ ಮೇಲೊಂದು ನಳಿಗೆಯಿರುವ ಹಳೆಯದೊಂದು ಒಳ್ಳೆಯ ಕೋವಿಯಿದೆ, ಅದರ ಹಿಡಿಯನ್ನು ಇದರ ಪ್ರಕಾರ ಕತ್ತರಿಸುತ್ತೇನೆ ಅಂದ. ಆದರೆ ಗರಗಸ ಇಡುವ ಮೊದಲು ಈ ಅಳತೆಗೆ ಹತ್ತಿರವಾದದ್ದು ಯಾವುದಾದರೂ ಸಿಕ್ಕಿದರೆ ಹೊಡೆದು ನೋಡಿ ಬನ್ನಿ ಅಂದ. ಕರ್ನಲ್ ಸಾಹೇಬರ ಸೊಸೆಯ ಕೋವಿ ಹೆಚ್ಚುಕಡಿಮೆ ಅದೇ ಅಳತೆಯದು. ಭಾನುವಾರ ಅದರಲ್ಲಿ ಹೊಡೆದಳು. ಕೆನ್ನೆ ಊದಲಿಲ್ಲ, ಹೆಗಲು ನೋಯಲಿಲ್ಲ, ನೋಡಿದವರೆಲ್ಲ ಭೇಷ್ ಅಂದರು. ಬಿಲ್ಲೆ ಮಾತ್ರ ಒಂದೂ ಒಡೆಯಲಿಲ್ಲ. ಒಂದೂ! ಇಷ್ಟು ದಿನ ಫಿಟಿಂಗನ್ನು ಬೈಯಬಹುದಿತ್ತು. ಈಗ ಬೈಯಲು ಯಾರೂ ಉಳಿದಿರಲಿಲ್ಲ. ದಾರಿಯುದ್ದಕ್ಕೂ ಆಕೆ ಕೊರಳ ಟೇಪನ್ನು ಸುತ್ತುತ್ತ ಬಿಚ್ಚುತ್ತ ಕೂತಳು. ಆಯುಧಪೂಜೆಗೆ ಮೂರೇ ವಾರ ಉಳಿದಿತ್ತು.

ಕೋವಿಯೇ ಬೇಡ ಎಂದು ಹೇಳಿಬರಲು ಅಂಗಡಿಗೆ ಹೋದೆವು. ಮಿಸ್ತ್ರಿ ಒಂದು ಕೋವಿ ಚೀಲದ ಪಟ್ಟಿ ಹೊಲಿಯುತ್ತಿದ್ದ. ಎಂಥ ದುಃಖದಲ್ಲಿದ್ದರೂ ಕೆಟ್ಟ ಹೊಲಿಗೆ ನೋಡಿ ಸುಮ್ಮನಿರುವ ಜಾತಿಯಲ್ಲ ನಮ್ಮತ್ತೆ. "ಕೊಡಿ ಇತ್ಲಾಗೆ" ಎಂದು ಕಿತ್ತುಕೊಂಡು ಸೂಜಿಗೆ ದಾರ ಪೋಣಿಸಿದಳು. ಮಿಸ್ತ್ರಿ ಕನ್ನಡಕ ಮೇಲೆತ್ತಿದ.

"ಅಮ್ಮಾ, ಇನ್ನೊಂದ್ಸಲ ಪೋಣಿಸಿ." ಪೋಣಿಸಿದಳು. "ಬಲಗಣ್ಣು ಯಾಕೆ ಮುಚ್ತೀರಿ?"

"ಮುಚ್ಚುದ್ರೆ ತಾನೆ ಕಾಣೋದು?"

"ಅಂದ್ರೆ ನೀವು ಗುರಿ ನೋಡೋದು ಎಡಗಣ್ಣಲ್ಲಿ, ಕೋವಿ ಇಡೋದು ಬಲ ಹೆಗಲಿಗೆ. ಕಣ್ಣು ಒಂದು ಕಡೆ, ನಳಿಗೆ ಒಂದು ಕಡೆ. ಎಡಗಡೆ ಇಟ್ಟು ನೋಡಿ ತಾಯಿ."

ಕೋವಿ ಬಗ್ಗಿಸಿ ಖಾಲಿ ಎಂದು ತೋರಿಸಿ ಕೊಟ್ಟ. ಅತ್ತೆ ಸೂಜಿಯನ್ನು ಚೀಲದ ಪಟ್ಟಿಗೆ ಚುಚ್ಚಿಟ್ಟಳು. ಆಮೇಲೆ ಕಣ್ಣು ಮುಚ್ಚಿ ಎಡ ಹೆಗಲಿಗೆ ಏರಿಸಿದಳು. ಆ ಕೋವಿ ಅಳತೆಯದಲ್ಲ, ಹಿಡಿ ಉದ್ದ. ಆದರೂ ಅದು ಹೋಗಿ ಕೆನ್ನೆಗೆ ಕೂತದ್ದು ನೋಡಬೇಕಿತ್ತು! ಮಿಸ್ತ್ರಿ, "ಆಹಾ" ಅಂದ. ಆಕೆ ತಟ್ಟನೆ ಕೆಳಗಿಳಿಸಿ, ಎಡಗೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಯಾರಾದರೂ ನೋಡಿದರೇ ಎಂಬಂತೆ ಹಿಂದಕ್ಕೆ ತಿರುಗಿದಳು.

ಕಾರು ಹೊರಟು ಸ್ವಲ್ಪ ದೂರ ಬಂದ ಮೇಲೆ, "ನಾನು ಎಡಚಿ ಕಣ್ಲಾ" ಅಂದಳು.

ನಾನು ನಂಬಲಿಲ್ಲ. ಬಲಗೈಯಲ್ಲಿ ಕತ್ತರಿ, ಬಲಗೈಯಲ್ಲಿ ಊಟ, ಬಲಗೈಯಲ್ಲಿ ಸಹಿ. ನಲವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ.

"ಉಣ್ಣಾಕ್ ಕೂತಾಗ ನಮ್ಮವ್ವ ಎಡಗೈನ ಸೊಂಟಕ್ಕೆ ಕಟ್ಟೋಳು, ಹಳೇ ಸೀರೆ ಚೂರಲ್ಲಿ. ಎಡಚಿ ಎಣ್ಣುನ್ನ ಯಾರ್ ಒಪ್ಕಂಡಾರು ಅಂತ. ಮೂರು ವರ್ಸ ಕಟ್ಟುದ್ಲು. ಕೈ ಎತ್ತುದ್ರೆ ಚಾಡಿ ಏಳೋ ಕೆಲ್ಸ ನಿಮ್ಮಪ್ಪುಂದು." ಕಿಟಕಿಯ ಗಾಜು ಇಳಿಸಿದಳು. "ಅವತ್ತು ತಿಪ್ಪೆತಾವ ನಾನು ಕೋವಿ ಸರ್ಯಾಗೇ ಎತ್ತಿದ್ದೆ ಕಣ್ಲಾ. ಎಡಗಡೆಗೆ. ನಿಮ್ಮಪ್ಪ 'ಅವ್ವಾ, ಎಡಗೈ!' ಅಂತ ಕೂಗ್ಬುಟ್ಟ. ಎದುರ್ಕಂಡು ಬಲಗಡೆಗೆ ಬದ್ಲಾಯ್ಸಾಕೋಗಿ ಬಿದ್ದೆ."

ಐವತ್ತು ವರ್ಷ ನಾವೆಲ್ಲ ನಕ್ಕದ್ದು ಇದಕ್ಕೇ! ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ಈಗ ಎಡಗೈಲಿ ಒಡುದ್ರೆ ನಿಮ್ಮಪ್ಪ ಇನ್ನೊಂದ್ ಕತೆ ಕಟ್ತನೆ" ಅಂದಳು. ಕಾರು ಇನ್ನೂ ಒಂದು ಫರ್ಲಾಂಗು ಹೋಗಿರಬೇಕು. "ಕಟ್ಕಳ್ಳಿ. ಏನೀಗ? ತಿರುಗ್ಸ್ಲಾ ಕಾರ್‌ನ!"

ಮಿಸ್ತ್ರಿ ಹಿಡಿಯನ್ನು ಅಳತೆಗೆ ಕತ್ತರಿಸಿದ. ಕೋವಿಯ ಹಿಡಿ ಮೊದಲಿಂದಲೂ ಬಲಗಡೆಗೆ ಒಂದಿಷ್ಟು ಬಾಗಿರುತ್ತದಂತೆ, ಬಲಗೈಯವರಿಗೆಂದು. ಅದಕ್ಕೆ ಬಿಸಿ ಎಣ್ಣೆ ಕುಡಿಸಿ ಎಡಕ್ಕೆ ಬಾಗಿಸತೊಡಗಿದ. ಅತ್ತೆ ಪಕ್ಕದಲ್ಲೇ ಕೂತು, "ಮುರ್ದೋಗಾಕಿಲ್ವಾ?" ಅಂತ ಹತ್ತು ಸಲ ಕೇಳಿದಳು. "ನಿಧಾನಕ್ಕೆ ಮಾಡಿದ್ರೆ ಮುರಿಯಲ್ಲ ತಾಯಿ" ಅಂತ ಅವನು ಹತ್ತು ಸಲವೂ ಹೇಳಿದ.

ಹಬ್ಬದ ಹಿಂದಿನ ಭಾನುವಾರ ಅಪ್ಪ ಸಾಕ್ಷಿಗೆ ಬಂದ. ಹಿಂದಿನ ಸಂಜೆಯೇ ನಾನು ಅವನಿಗೆ ಎಲ್ಲ ಹೇಳಿಬಿಟ್ಟಿದ್ದೆ, ಸಿಟ್ಟಿನಲ್ಲೇ ಹೇಳಿದ್ದೆ. ಅವನು ಹಸುವಿಗೆ ಹುಲ್ಲು ಹಾಕಿ, ಹಾಕಿದ್ದ ಹುಲ್ಲಿನ ಮೇಲೇ ಮತ್ತೊಮ್ಮೆ ಹಾಕಿದ್ದ. ಮೈದಾನದಲ್ಲಿ ಕರ್ನಲ್ ಸಾಹೇಬರು ಕಿವಿಗೆ ಹಾಕುವ ಮುಚ್ಚಳ ಕೊಟ್ಟರು. ಅಪ್ಪ ಅದನ್ನು ತಲೆಯ ರುಮಾಲಿನ ಮೇಲೆ ಹಾಕಿಕೊಂಡು ಎಲ್ಲರ ಹಿಂದೆ ನಿಂತ.

ಅತ್ತೆ ಎಡ ಹೆಗಲಿಗೆ ಕೋವಿ ಏರಿಸಿದಳು. ಢಂ, ತಪ್ಪಿತು. ಮತ್ತೊಂದು, ತಪ್ಪಿತು. ಕೋವಿಯನ್ನು ಬಗ್ಗಿಸಿ ತೋಟಾ ತೆಗೆದು, ಅಣ್ಣನ ಕಡೆ ಒಂದು ಸಲ ತಿರುಗಿ ನೋಡಿದಳು. ಆಮೇಲೆ ಆ ಖಾಲಿ ಕೋವಿ ತಾನಾಗಿ ಆಕೆಯ ಬಲಗೈಯ ಕಡೆ ಜಾರತೊಡಗಿತು. ಐವತ್ತು ವರ್ಷದ ರೂಢಿ!

"ಅಮ್ಮೀ! ಎಡಗೈಲೇ ಇರ್ಲಿ!"

ಮೈದಾನವೆಲ್ಲ ಬೆಚ್ಚಿಬಿತ್ತು. ಅವತ್ತು ತಿಪ್ಪೆಯ ಹತ್ತಿರ ಅಪ್ಪ ಕೂಗಿದ್ದೂ ಇದೇ ಗಂಟಲಲ್ಲಿ ಇರಬೇಕು. ಅತ್ತೆ ಜಾರುತ್ತಿದ್ದ ಕೋವಿಯನ್ನು ಎಡಗೈಗೆ ಎಳೆದುಕೊಂಡಳು. ತೋಟಾ ಹಾಕಿ, ಎಡಕ್ಕೆ ಏರಿಸಿ, ಬಿಲ್ಲೆ ಬಿಡಲು ಕೂಗಿದಳು. ಢಂ! ಕಿತ್ತಳೆ ಬಣ್ಣದ ಪುಡಿ ಗಾಳಿಯಲ್ಲಿ ತೇಲಿತು. ಆಕೆ ಕೋವಿ ಬಗ್ಗಿಸಿಟ್ಟು ಬಂದು, "ಯಾಕಣ್ಣಯ್ಯ ಅಂಗ್ ಕಿರುಚ್ತೀಯಾ? ಕಿವಿ ಮುಚ್ಚಿದ್ರೂ ಕೇಳುಸ್ತದೆ" ಅಂದಳು. ಅಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ, ಬಿಸಿಲಿಗೆ ಅಂತ ಹೇಳಿದ.

ಆಯುಧಪೂಜೆಯ ದಿನ ತಾತನ ಕೋವಿಯ ಪಕ್ಕದಲ್ಲಿ ಅತ್ತೆಯ ಕೋವಿ ಹೂ ಮುಡಿದು ಕೂತಿತ್ತು. ಮಂಗಳಾರತಿಯಾಯಿತು. ಮಕ್ಕಳು ತಿಪ್ಪೆಯ ಕತೆಗೆ ಕಾದು ಕೂತವು. ಅಪ್ಪ ಗಂಟಲು ಸರಿಮಾಡಿಕೊಂಡ, ಆದರೆ ಕತೆಯ ಬದಲು ಕಡ್ಲೆಪುರಿಯ ಮೊರ ಎತ್ತಿಕೊಂಡು ಎಲ್ಲರಿಗೂ ಪ್ರಸಾದ ಕೊಡುತ್ತಾ ಬಂದ. ಅತ್ತೆ ಬಲಗೈ ಚಾಚಿದಳು. ಎಡಗೈ ಎಂದಿನಂತೆ ಸೆರಗಿನ ಒಳಗಿತ್ತು.

"ಅದಲ್ಲ ಕಣಮ್ಮಿ" ಅಂದ ಅಪ್ಪ. "ಆ ಕೈ ಕೊಡು."

ಆಕೆ ಕೊಡಲಿಲ್ಲ. ಅಪ್ಪ ಮೊರವನ್ನು ಕೆಳಗಿಟ್ಟು, ತಾನೇ ಆ ಕೈಯನ್ನು ಸೆರಗಿನಿಂದ ಮೆಲ್ಲಗೆ ಹೊರಗೆ ತೆಗೆದು, ಅಂಗೈ ತುಂಬ ಕಡ್ಲೆಪುರಿ ಸುರಿದು, ಮೇಲೊಂದು ಬೆಲ್ಲದ ಚೂರು ಇಟ್ಟ. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು, "ಶಿವಶಿವಾ, ಎಡಗೈಗಾ ಪರ್ಸಾದ ಕೊಡೋದು!" ಅಂದಳು.

"ಏನೀಗ?" ಅಂದ ಅಪ್ಪ.

ಅತ್ತೆ ಅಣ್ಣನನ್ನೇ ನೋಡಿದಳು. ಆಮೇಲೆ, ನಮ್ಮೆಲ್ಲರ ಎದುರಿಗೆ, ಎಡಗೈಯಿಂದಲೇ ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು.